ತೀರ್ಥ ಯಾವುದು, ಕೊಳೆ ಯಾರದು?



ತಲಕಾವೇರಿಗೆ ಬಂದವರು ಕುಂಡಿಕೆಗೆ ಕೈಮುಗಿದು, ಕೊಳದಲ್ಲಿ ಮಿಂದು, ಬಾಟಲಿಯಲ್ಲಿ ತೀರ್ಥ ತುಂಬಿಸಿಕೊಂಡು ಹೋಗುವುದು ವಾಡಿಕೆ. ಮನೆಯಲ್ಲಿ ದೇವರ ಮುಂದಿಟ್ಟು ವರ್ಷವಿಡೀ ಕಾಪಾಡುತ್ತೇವೆ. ಬಹಳ ಒಳ್ಳೆಯದು. ಆದರೆ ಬಾಟಲಿಯಲ್ಲಿರುವುದು ತೀರ್ಥವಾದರೆ, ಮನೆಯ ನಲ್ಲಿಯಲ್ಲಿ ಬರುವುದು ಏನು?

ಉತ್ತರ ಬೇಕಾದರೆ ನೀರಿನ ದಾರಿ ತಿಳಿಯಬೇಕು. ಭೂಮಿಯ ನೀರಿನಲ್ಲಿ ನೂರಕ್ಕೆ ಸುಮಾರು 97 ಪಾಲು ಸಮುದ್ರದ ಉಪ್ಪುನೀರು. ಸೂರ್ಯನ ಶಾಖಕ್ಕೆ ಅದು ಆವಿಯಾಗಿ ಏಳುವಾಗ ಉಪ್ಪನ್ನು ಕೆಳಗೇ ಬಿಡುತ್ತದೆ. ಮಳೆಗಾಲದಲ್ಲಿ ನೈಋತ್ಯದ ಗಾಳಿ ಆ ಆವಿಯನ್ನು ಅರಬ್ಬೀ ಸಮುದ್ರದ ಮೇಲಿನಿಂದ ಹೊತ್ತು ತರುತ್ತದೆ. ಸಹ್ಯಾದ್ರಿ ಅಡ್ಡ ನಿಂತಾಗ ಗಾಳಿ ಮೇಲೇರಲೇಬೇಕು, ಮೇಲೇರಿದರೆ ತಣಿಯಲೇಬೇಕು, ತಣಿದರೆ ಆವಿ ಮತ್ತೆ ನೀರಾಗಲೇಬೇಕು. ಬ್ರಹ್ಮಗಿರಿಯ ಮಳೆ ಅಂದ್ರೆ ಇದೇ.

ಸುರಿದದ್ದೆಲ್ಲ ಒಂದೇ ಸಲಕ್ಕೆ ಹರಿದು ಹೋಗುವುದಿಲ್ಲ. ಒಂದಿಷ್ಟನ್ನು ಕಾಡಿನ ತರಗೆಲೆ, ಬೇರು, ಮಣ್ಣು ಹೀರಿಕೊಳ್ಳುತ್ತವೆ. ಅದು ಬಂಡೆಯ ಬಿರುಕಿಗಿಳಿದು, ತಿಂಗಳುಗಟ್ಟಲೆ ನಿಧಾನವಾಗಿ ಒರತೆಯಾಗಿ ಹೊರಬರುತ್ತದೆ. ಮಳೆ ನಿಂತ ಮೇಲೂ ಹೊಳೆಯಲ್ಲಿ ನೀರಿರುವುದು ಈ ಉಳಿತಾಯದಿಂದಲೇ.

ಪಶ್ಚಿಮದ ಕಡಲು ಇಲ್ಲಿಂದ ನೇರ ಲೆಕ್ಕದಲ್ಲಿ 60 ಕಿ.ಮೀ. ಒಳಗೇ ಇದೆ. ಆದರೂ ತಾಯಿ ಆ ಕಡೆ ಇಳಿಯದೆ, ಪೂರ್ವಕ್ಕೆ ಸುಮಾರು 800 ಕಿ.ಮೀ. ನಡೆದು ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತಾಳೆ. ದಾರಿಯುದ್ದಕ್ಕೂ ಗದ್ದೆಗೆ, ಊರಿಗೆ ಉಣಿಸುತ್ತಾಳೆ. 1974ರಿಂದ ಬೆಂಗಳೂರಿಗೂ ಅವಳ ನೀರು ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಪಂಪು ಮಾಡಿ, ಸುಮಾರು 100 ಕಿ.ಮೀ. ದೂರ ತರುತ್ತಾರೆ. ಅಂದ ಮೇಲೆ ಆ ಊರಿನ ನಲ್ಲಿಯಲ್ಲಿ ಬರುವುದೂ ಅದೇ ತಾಯಿ ಅಲ್ವೇ?

ಇನ್ನು ಬಳಸಿ ಬಿಟ್ಟ ನೀರು. ಬೆಂಗಳೂರಿನ ಕೊಳಚೆಯಲ್ಲಿ ಒಂದು ಪಾಲು ವೃಷಭಾವತಿಗೆ ಬೀಳುತ್ತದೆ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಚೆಲ್ಲಿದ್ದು ಮತ್ತೆ ತಾಯಿಯ ಮಡಿಲಿಗೇ ಬಂತು.

ಕೆಲವರು ಕೇಳ್ತಾರೆ: "ಸೂರ್ಯ ಹೇಗೂ ನೀರನ್ನು ಶುದ್ಧ ಮಾಡಿ ಮತ್ತೆ ಮಳೆ ಸುರಿಸ್ತಾನೆ. ನಮ್ಮ ಕೊಳೆಯಿಂದ ಏನಾಗುತ್ತೆ?" ಈ ಮಾತು ಅರ್ಧ ನಿಜ. ಆವಿ ಶುದ್ಧವಾಗುವುದು ಕೊಳೆಯನ್ನು ಬಿಟ್ಟು ಏಳುವುದರಿಂದ. ನೀರು ಮೇಲೆ ಹೋಯ್ತು, ಕೊಳೆ ಇಲ್ಲೇ ಉಳೀತು. ಕೆಲವು ಕೊಳೆ ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ಪ್ಲಾಸ್ಟಿಕ್, ಸೀಸದಂಥ ವಿಷಗಳು ಹೂಳಿನಲ್ಲಿ, ಮೀನಿನ ಮೈಯಲ್ಲಿ, ಕೆಳಗಿನ ಊರಿನವರ ಗದ್ದೆಯಲ್ಲಿ ಕೂತುಬಿಡುತ್ತವೆ.

ತೀರ್ಥಸ್ನಾನದಿಂದ ಪಾಪ ಕಳೆಯುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಆದರೆ ನಮ್ಮ ಮನೆ ಗುಡಿಸಿ ಕಸವನ್ನು ಪಕ್ಕದ ಮನೆ ಬಾಗಿಲಿಗೆ ಸುರಿದರೆ ಅದು ಮಡಿಯಾಗುವುದಿಲ್ಲ. ಕಳೆದದ್ದು ಯಾರ ಪಾಲಿಗೆ ಹೋಯಿತು ಎಂದು ಕೇಳಿಕೊಳ್ಳುವವನದೇ ನಿಜವಾದ ಮಡಿ. ಕೆಳಗಿನ ಊರಿನವನೂ ಬೊಗಸೆಯೊಡ್ಡಿ ಕಾದಿದ್ದಾನೆ. ಅವನಿಗೂ ಅದು ತೀರ್ಥವಾಗಿಯೇ ತಲುಪಬೇಡವೇ?

ಆದ್ದರಿಂದ ಕೊಳದಲ್ಲಿ ಸೋಪು, ಶಾಂಪೂ ಹಾಕಬೇಡಿ. ಉಟ್ಟ ಬಟ್ಟೆ, ಪ್ಲಾಸ್ಟಿಕ್ ಚೀಲ ಹೊಳೆಗೆ ಬಿಡಬೇಡಿ. ಊರಿಗೆ ಹೋದ ಮೇಲೆ ನಲ್ಲಿ ತಿರುಗಿಸುವಾಗ ಈ ಕುಂಡಿಕೆಯನ್ನು ಒಮ್ಮೆ ನೆನೆಯಿರಿ. ಬಾಟಲಿಯ ತೀರ್ಥಕ್ಕೆ ತೋರುವ ಭಕ್ತಿಯನ್ನು ಬಚ್ಚಲಿಗೆ ಬಿಡುವ ನೀರಿಗೂ ತೋರಿದರೆ ಯಾತ್ರೆ ಸಾರ್ಥಕ.

ತಾಯಿ ಕಾವೇರಿ ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.