ಇಂದಿನ ಧಮ್ಮ ಚಿಂತನೆ: ಬೆರಳಿಟ್ಟು ನೋಡಿ



ಹೊಸ ಕನ್ನಡ ಕೀಬೋರ್ಡಿನದೆಂದು ಒಂದು ಫೋಟೊ ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಗ್ರೂಪುಗಳಲ್ಲಿ ಓಡಾಡಿತು. ಕೆಲವರು ಹೊಗಳಿದರು, ಕೆಲವರು ಬೈದರು. ನಾನೂ ಬೈದೆ. ಯಾರೂ ಅದರ ಮೇಲೆ ಬೆರಳಿಟ್ಟಿರಲಿಲ್ಲ.

ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ ಕಲಿತ ಮೊದಲ ದಿನವೂ ಹೀಗೇ ಬೈದಿದ್ದೆ: ಒತ್ತಕ್ಷರಕ್ಕೆ ‘ಎಫ್’ ಏಕೆ? ಅದನ್ನು ಒತ್ತದಿದ್ದರೆ ‘ಧಮ್ಮ’ ಹೋಗಿ ‘ಧಮಮ’ ಆಗುತ್ತಿತ್ತು. ವಾರದಲ್ಲಿ ಬೆರಳಿಗೆ ಒಗ್ಗಿತು.

ಕೇಸಪುತ್ತದ ಕಾಲಾಮರಿಗೆ ಭಗವಾನರು ತಿಳಿಸಿದ್ದೂ ಇದನ್ನೇ: ಕೇಳಿದ ಮಾತ್ರಕ್ಕೆ ಒಪ್ಪಬೇಡಿ, ಒಳಿತು ಕೆಡುಕನ್ನು ಸ್ವತಃ ಅರಿಯಿರಿ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಘೋಷಿಸಿದರು, 1956ರಲ್ಲಿ ದೀಕ್ಷೆ ಪಡೆದರು. ಧಮ್ಮವನ್ನು ಆರಿಸಿಕೊಳ್ಳುವ ಮುಂಚೆ ಅವರು 21 ವರ್ಷ ಯೋಚಿಸಿದರು. ಒಂದು ಫೋಟೊ ಫಾರ್ವರ್ಡ್ ಮಾಡುವ ಮುಂಚೆ ನಾವು 21 ನಿಮಿಷ ತಡೆಯಲಾರೆವೆ?

ಭವತು ಸಬ್ಬ ಮಂಗಲಂ.