ಇಂದಿನ ಧಮ್ಮ ಚಿಂತನೆ: ಓಡುವ ದಾರಿ ಮತ್ತು ಸೋಣ ಭಿಕ್ಖುವಿನ ಪಾದರಕ್ಷೆ

 

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸದಲ್ಲಿರುವ ನಮ್ಮ ಬಳಗದ ಯುವ ಉಪಾಸಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಧ್ಯಾನಕ್ಕೆ ಕೂತರೆ ಹತ್ತು ನಿಮಿಷದಲ್ಲಿ ಕಾಲು ಜೋಮು ಹಿಡಿಯುತ್ತದಂತೆ, ಮನಸ್ಸು ಆಫೀಸಿಗೆ ಓಡುತ್ತದಂತೆ. ಆದರೆ ರಜಾ ದಿನ ನದಿ ದಂಡೆಯಲ್ಲಿ ಓಡುವಾಗ ಮನಸ್ಸು ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಇದನ್ನು ಸಾಧನೆ ಎನ್ನಬಹುದೇ ಎಂದು ಕೇಳಿದ್ದಾರೆ.

ಎನ್ನಬಹುದು. ಆದರೆ ಒಂದು ಮಾತು ಸೇರಿಸಬೇಕಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಕಣ್ಣು ಮುಚ್ಚಿ ಕೂರುವುದಷ್ಟೇ ಧ್ಯಾನ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಭಗವಾನ್ ಬುದ್ಧರು ಹಾಗೆ ಹೇಳಲಿಲ್ಲ. ನಡೆಯುವಾಗ, ನಿಲ್ಲುವಾಗ, ಕೂರುವಾಗ, ಮಲಗುವಾಗ, ಈ ನಾಲ್ಕರಲ್ಲೂ ಎಚ್ಚರ ಇರಲಿ ಎಂಬುದು ಸತಿಪಟ್ಠಾನ ಸುತ್ತದ ಬೋಧೆ. ನಡೆದಾಡುತ್ತ ಮಾಡುವ ಧ್ಯಾನಕ್ಕೆ ಚಂಕಮ ಎಂದು ಹೆಸರು. ಅದರ ಐದು ಲಾಭಗಳನ್ನು ಅಂಗುತ್ತರ ನಿಕಾಯದಲ್ಲಿ ಹೇಳಿದೆ: ದೂರದ ಪಯಣ ತಾಳುವ ಶಕ್ತಿ ಬರುತ್ತದೆ, ಪ್ರಯತ್ನಕ್ಕೆ ಕಸುವು ಬರುತ್ತದೆ, ರೋಗ ಕಡಿಮೆಯಾಗುತ್ತದೆ, ಉಂಡದ್ದು ಅರಗುತ್ತದೆ, ಮತ್ತು ನಡೆಯುತ್ತ ಪಡೆದ ಸಮಾಧಿ ಬಹುಕಾಲ ನಿಲ್ಲುತ್ತದೆ. ನಾಲ್ಕು ದೇಹದ ಮಾತು, ಒಂದು ಮನಸ್ಸಿನ ಮಾತು. ಡಾಕ್ಟರು ಶುಗರ್ ಇರುವವರಿಗೆ ಹೇಳುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ನೋಡಿ!

ಅವರು ಓಡುವ ದಾರಿಯ ಬಗ್ಗೆಯೂ ಸ್ವಲ್ಪ ತಿಳಿಯೋಣ. ಆ ನದಿಯನ್ನು ಅಲ್ಲಿನವರು ಸ್ಕೂಕಲ್ ಎಂದು ಕರೆಯುತ್ತಾರೆ. ಡಚ್ಚರು ಇಟ್ಟ ಹೆಸರು, ಅಡಗಿದ ನದಿ ಎಂದು ಅರ್ಥ. ಕಲಾ ಮ್ಯೂಸಿಯಂ ಬಳಿ ಹೊರಟರೆ ದೋಣಿಮನೆಗಳ ಸಾಲು ಸಿಗುತ್ತದೆ. ಪೂರ್ವ ದಂಡೆಯ ಕೆಲ್ಲಿ ಡ್ರೈವ್ ಹಿಡಿದು ಮೇಲಕ್ಕೆ ಹೋಗಿ, ಫಾಲ್ಸ್ ಬ್ರಿಡ್ಜ್ ಎಂಬ ಸೇತುವೆ ದಾಟಿ, ಪಶ್ಚಿಮ ದಂಡೆಯಲ್ಲಿ ವಾಪಸು ಬಂದರೆ ಒಂದು ಸುತ್ತು. ಸುಮಾರು 13 ಕಿಲೋಮೀಟರ್, ಪೂರ್ತಿ ಡಾಂಬರು ದಾರಿ. ಈ ಉದ್ಯಾನ ಹುಟ್ಟಿದ್ದೇ ನೀರಿಗಾಗಿ. ಊರಿಗೆ ಕುಡಿಯುವ ನೀರು ಕೊಡುತ್ತಿದ್ದ ನದಿ ಕೆಡಬಾರದೆಂದು ನಗರಾಡಳಿತ 1844ರಲ್ಲಿ ದಂಡೆಯ ಒಂದು ದೊಡ್ಡ ಎಸ್ಟೇಟನ್ನು ಕೊಂಡಿತು, 1855ರಲ್ಲಿ ಅದನ್ನು ಸಾರ್ವಜನಿಕರ ಉದ್ಯಾನವೆಂದು ಘೋಷಿಸಿತು. ವಾಪಸು ಬರುವ ಪಶ್ಚಿಮ ದಂಡೆಯ ರಸ್ತೆಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು.

ಈಗ ಸೋಣನ ಕಥೆಗೆ ಬರೋಣ.

ಸೋಣ ಕೋಳಿವಿಸ ದೊಡ್ಡ ಶ್ರೀಮಂತರ ಮಗ. ಪಾದ ಎಷ್ಟು ಮೃದುವೆಂದರೆ ಅಂಗಾಲಲ್ಲಿ ಕೂದಲು ಬೆಳೆದಿತ್ತಂತೆ. ಭಿಕ್ಖುವಾದ ಮೇಲೆ ರಾಜಗೃಹದ ಬಳಿಯ ಸೀತವನದಲ್ಲಿ ಹಠ ಹಿಡಿದು ಚಂಕಮ ಮಾಡಿದ. ಪಾದ ಒಡೆದು ನಡೆದ ಜಾಗವೆಲ್ಲ ರಕ್ತವಾಯಿತು. ಬುದ್ಧರು ಬಂದು ಅವನ ವೀಣೆಯ ಅನುಭವವನ್ನೇ ಕೇಳಿದರು. ತಂತಿ ಅತಿ ಬಿಗಿಯಾದರೆ ನುಡಿಯುವುದಿಲ್ಲ, ಅತಿ ಸಡಿಲವಾದರೂ ನುಡಿಯುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ವಾಚಿನಲ್ಲಿ ನಿಮಿಷ ಎಣಿಸುತ್ತ ಮಂಡಿ ನೋಯಿಸಿಕೊಳ್ಳುವ ನಮ್ಮ ಹುಡುಗರಿಗೆ ಇಷ್ಟೇ ಸಾಕು ಕೂಡ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಭಾಗವನ್ನು ಪ್ರವಚನಗಳಲ್ಲಿ ಯಾಕೋ ಹೇಳುವುದೇ ಇಲ್ಲ. ಸೋಣ ಅರಹಂತನಾದ ಮೇಲೆ ಬುದ್ಧರು ಅವನಿಗೆ, ನೀನು ಸುಕುಮಾರ, ಪಾದರಕ್ಷೆ ಹಾಕಿಕೋ ಎಂದು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಸಂಘಕ್ಕೆಲ್ಲ ಕೊಟ್ಟರೆ ನಾನೂ ಹಾಕುತ್ತೇನೆ, ನನಗೊಬ್ಬನಿಗೇ ಆದರೆ ಬೇಡ ಎಂದ. ಆಗ ಬುದ್ಧರು ಇಡೀ ಸಂಘಕ್ಕೆ ಅನುಮತಿ ಕೊಟ್ಟರು. ವಿನಯ ಪಿಟಕದ ಮಹಾವಗ್ಗದಲ್ಲಿ ಇದು ಇದೆ.

ಪಾದರಕ್ಷೆ ಎಂದರೆ ನಮಗೆ ಬೇರೆಯವರಿಗಿಂತ ಹೆಚ್ಚು ಅರ್ಥವಾಗುತ್ತದೆ. ಅದನ್ನು ಹೊಲಿದವರು ನಮ್ಮವರು. ಮೇಲಿನವರ ಬೀದಿ ಬಂತೆಂದರೆ ಅದನ್ನೇ ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದ ಅಜ್ಜಂದಿರನ್ನು ಕಂಡವರು ಈ ಗುಂಪಿನಲ್ಲೇ ಇದ್ದೀರಿ. ಪೇಶ್ವೆಯರ ಪುಣೆಯಲ್ಲಿ ನಡೆದ ಹೆಜ್ಜೆ ಗುಡಿಸಲು ಸೊಂಟಕ್ಕೆ ಪೊರಕೆ, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿದ್ದುದನ್ನು ಬಾಬಾಸಾಹೇಬರು ಜಾತಿ ವಿನಾಶದಲ್ಲಿ ಬರೆದಿದ್ದಾರೆ. ಹೆಜ್ಜೆಗೇ ಮೈಲಿಗೆ! ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ಮುಂಬೈ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ದಾರಿ ತೆರೆದಿತ್ತು, ನೆಲದಲ್ಲಿ ತೆರೆದಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಮಹಾಡದ ಚವದಾರ ಕೆರೆಗೆ ನಡೆದು ಹೋದರು, ನೀರು ಮುಟ್ಟಿದರು. ವಾಪಸು ಬರುವಾಗ ನಮ್ಮವರಿಗೆ ಏಟು ಬಿತ್ತು.

ಹಳೆಯ ಕಥೆ ಎನ್ನಬೇಡಿ. 2020ರ ಫೆಬ್ರವರಿ 23ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಹ್ಮೋದ್ ಆರ್ಬೆರಿ ಎಂಬ 25 ವರ್ಷದ ಕಪ್ಪು ಯುವಕ ಓಡುತ್ತಿದ್ದ. ಕಳ್ಳನೆಂದು ಅನುಮಾನಪಟ್ಟು ಮೂವರು ಬಿಳಿಯರು ವಾಹನಗಳಲ್ಲಿ ಬೆನ್ನಟ್ಟಿದರು, ಒಬ್ಬ ಗುಂಡಿಕ್ಕಿ ಕೊಂದ. ವಿಡಿಯೋ ಹೊರಬರುವವರೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಯಾರ ಬಂಧನವೂ ಆಗಲಿಲ್ಲ. 2021ರ ನವೆಂಬರಿನಲ್ಲಿ ಮೂವರಿಗೂ ಕೊಲೆ ಅಪರಾಧ ಸಾಬೀತಾಯಿತು. ಅವನ ಹುಟ್ಟುಹಬ್ಬದ ದಿನ, ಸತ್ತ ತಾರೀಖಿನ ನೆನಪಿಗೆ, ಸಾವಿರಾರು ಜನ 2.23 ಮೈಲಿ ಓಡಿದರು.

ಮೊದಲು ಹೇಳಿದ ಮಾತು ಇದೇ. ಯಾರ ಭಯವೂ ಇಲ್ಲದೆ ನದಿ ದಂಡೆಯಲ್ಲಿ ಉಸಿರು ಗಮನಿಸುತ್ತ ಓಡುವುದು ನಿಜಕ್ಕೂ ಚಂಕಮ. ಆದರೆ ಭಯವಿಲ್ಲದ ಆ ದಾರಿ ಎಲ್ಲರಿಗೂ ಸಿಕ್ಕಿದೆಯೇ ಎಂದು ಸೋಣನ ಹಾಗೆ ಕೇಳದಿದ್ದರೆ ಅದು ಬರೀ ವ್ಯಾಯಾಮ. ಮನಸ್ಸು ಶಾಂತವಾಯಿತು, ಸಾಕು ಎನ್ನುವ ಧ್ಯಾನ ಈಗ ಎಲ್ಲ ಕಡೆ ಮಾರಾಟಕ್ಕಿದೆ. ಬಾಬಾಸಾಹೇಬರು 1956ರಲ್ಲಿ ನಮಗೆ ಕೊಟ್ಟ ಧಮ್ಮ ಅದಲ್ಲ.

ಉಪಾಸಕರು ಹೀಗೆ ಅಭ್ಯಾಸ ಮಾಡಬಹುದು. ಹೊರಡುವ ದಂಡೆಯಲ್ಲಿ ಪಾದ ನೆಲ ಮುಟ್ಟುವುದನ್ನು, ಉಸಿರನ್ನು ಗಮನಿಸಲಿ. ಇಯರ್‌ಫೋನ್ ಬೇಡ. ಸೇತುವೆ ದಾಟಿ ಕಿಂಗ್ ಅವರ ಹೆಸರಿನ ರಸ್ತೆಗೆ ಬಂದಾಗ, ಎದುರು ಬರುವ ಪ್ರತಿಯೊಬ್ಬರಿಗೂ ಮನಸ್ಸಿನಲ್ಲೇ ಮೈತ್ರಿ ಕೋರಲಿ. ಉಸಿರು ಮಾತಾಡಲಾಗದಷ್ಟು ಹೆಚ್ಚಿದರೆ ತಂತಿ ಬಿಗಿಯಾಯಿತು ಎಂದೇ ಲೆಕ್ಕ, ನಡೆಯಲಿ.

ಇಲ್ಲಿರುವ ನಮಗೂ ಒಂದು ಕೆಲಸ. ಬೆಳಿಗ್ಗೆ ಆರಕ್ಕೆ ನಾವು ವಾಕಿಂಗ್ ಶೂ ಕಟ್ಟುವಾಗ ಮನೆಯಲ್ಲಿ ಒಲೆ ಮುಂದೆ ಯಾರಿದ್ದಾರೆ? ಅವರಿಗೂ ಸಕ್ಕರೆ ಕಾಯಿಲೆ ಇದೆ, ಅವರಿಗೂ ಮಂಡಿ ನೋವಿದೆ, ಅವರಿಗೂ ಮನಸ್ಸಿದೆ. ಈ ವಾರ ಎರಡು ದಿನ ಚಹಾ ತಿಂಡಿ ನೀವು ಮಾಡಿ, ಅವರನ್ನು ಚಂಕಮಕ್ಕೆ ಕಳಿಸಿ. ಜೊತೆಗೆ ಮಗಳೂ ಹೋಗಲಿ. ಭಾನುವಾರ ವಿಹಾರದಲ್ಲಿ ಮಹಾವಗ್ಗದ ಸೋಣನ ಭಾಗ ಓದುತ್ತೇವೆ, ಅವರನ್ನೂ ಕರೆತನ್ನಿ.

ಸಬ್ಬೇ ಸತ್ತಾ ಸುಖಿ ಹೊಂತು. ಜೈ ಭೀಮ್.