ಹಿಟ್ಟಿನ ಹುಂಜ, ಮಣ್ಣಿನ ಪಾರಿವಾಳ

ಅಕ್ಕನ ಮಗ ದೆಹಲಿಯಲ್ಲಿ ಕೆಲಸಕ್ಕಿದ್ದಾನೆ. ಭಾನುವಾರಗಳಲ್ಲಿ ಅಲ್ಲೆಲ್ಲೋ ಟ್ರ್ಯಾಪ್ ಶೂಟಿಂಗ್ ಕಲಿಯುತ್ತಿದ್ದಾನೆಂದು ಅಕ್ಕ ಹೇಳಿದ್ದಳು. ಮೊನ್ನೆ ಅವನೇ ಫೋನ್ ಮಾಡಿದ.

"ಮಾಮಾ, ಮೇಲೊಂದು ಕೆಳಗೊಂದು ನಳಗಿ ಇರೋ ಬಂದೂಕು ತಗೋಬೇಕಂತ ಮಾಡೇನಿ. ಅಜ್ಜಂದು ಹೆಂಗೂ ನಿಮ್ಮ ಹತ್ರ ಐತಿ, ನಿಮಗ ತಿಳೀತೈತಿ. ಎಂಥಾದ್ದು ಛಲೋ?"

ನನ್ನ ಹತ್ತಿರ ಇರುವುದು ಅಪ್ಪನ ಜೋಡುನಳಿಗೆಯ ಬಂದೂಕು. ನಳಿಗೆಗಳು ಎತ್ತಿನ ಜೋಡಿಯಂತೆ ಪಕ್ಕಪಕ್ಕ. ಹಳಿಯಾಳದ ಕಡೆ ಕಬ್ಬು, ಗೋವಿನಜೋಳ ಹಾಕಿದವರಿಗೆ ಹಂದಿಯ ಕಾಟ ಗೊತ್ತು. ಬೆಳೆ ರಕ್ಷಣೆಗೆಂದು ಅಪ್ಪ ಲೈಸೆನ್ಸು ಮಾಡಿಸಿದ್ದರು. ಅವರ ನಂತರ ಅದು ನನ್ನ ಹೆಸರಿಗೆ ಬಂತು. ನಾನು ಬಂಗೂರನಗರದಲ್ಲಿ ಕಾರ್ಖಾನೆಯ ಕೆಲಸ ಮಾಡಿ ನಿವೃತ್ತನಾದವನು. ಹಂದಿ ನನ್ನ ಬಾಲ್ಕನಿಗೆ ಬರುವುದಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಜಮಾ ಮಾಡುವುದು, ಮುಗಿದ ಮೇಲೆ ತರುವುದು, ಎಣ್ಣೆ ಹಾಕಿ ಒರೆಸಿಡುವುದು, ಇಷ್ಟೇ ನನಗೂ ಅದಕ್ಕೂ ಇರುವ ಸಂಬಂಧ.

ಆದರೂ ಹುಡುಗ ಕೇಳಿದನಲ್ಲ ಎಂದು ಒಂದಿಷ್ಟು ಓದಿದೆ. ನಳಿಗೆಗಳು ಒಂದರ ಮೇಲೊಂದು ಇದ್ದರೆ ಕಣ್ಣಿನ ಮುಂದೆ ಒಂದೇ ಕಿರಿದಾದ ಗೆರೆ. ಗುರಿ ಅಗಲಕ್ಕೆ ಚದುರುವುದಿಲ್ಲ. ಮೊದಲು ಕೆಳಗಿನ ನಳಿಗೆ ಹಾರಿಸುತ್ತಾರೆ. ಅದರ ಒದೆತ ಹೆಚ್ಚುಕಡಿಮೆ ನೇರವಾಗಿ ಭುಜಕ್ಕೆ ಬರುವುದರಿಂದ ಮೂತಿ ಹೆಚ್ಚು ಮೇಲಕ್ಕೆ ನೆಗೆಯದೆ ಎರಡನೇ ಹೊಡೆತಕ್ಕೆ ಬೇಗ ಸಿದ್ಧವಾಗುತ್ತದೆ. ಟ್ರ್ಯಾಪ್ ಬಂದೂಕಿಗೆ 30 ಅಥವಾ 32 ಇಂಚಿನ ನಳಿಗೆ, ಸ್ವಲ್ಪ ಹೆಚ್ಚೇ ತೂಕ. ತೂಕವಿದ್ದರೆ ತಿರುಗಿಸುವಾಗ ಕೈ ನಡುಮಧ್ಯೆ ನಿಲ್ಲುವುದಿಲ್ಲ. ತಟ್ಟೆ ಮೇಲೇರುತ್ತ ದೂರ ಹೋಗುವುದರಿಂದ ಈಡು ತುಸು ಮೇಲಕ್ಕೇ ಬೀಳುವಂತೆ ಸ್ಟಾಕನ್ನು ಎತ್ತರ ಮಾಡಿರುತ್ತಾರೆ. ಎಲ್ಲಕ್ಕಿಂತ ದೊಡ್ಡ ಮಾತು ಅಳತೆ. ರೈಫಲ್ಲಿಗೆ ಇರುವಂತೆ ಇದಕ್ಕೆ ಹಿಂದಿನ ಗುರಿಕಂಡಿ ಇಲ್ಲ, ಹೊಡೆಯುವವನ ಕಣ್ಣೇ ಆ ಕಂಡಿ. ಕೆನ್ನೆ ಪ್ರತಿಸಲ ಅದೇ ಜಾಗದಲ್ಲಿ ಕೂರದಿದ್ದರೆ ಪೆರಾಜಿಯೂ ಅಷ್ಟೇ, ಬೆರೆಟ್ಟಾವೂ ಅಷ್ಟೇ. ಸಾಮಾನ್ಯ ಲೈಸೆನ್ಸುದಾರ ಇವನ್ನು ಹೊರದೇಶದಿಂದ ತರಿಸಿಕೊಳ್ಳುವಂತೆಯೂ ಇಲ್ಲ. ಆ ವಿನಾಯಿತಿ ಅಂಕ ಗಳಿಸಿ ಅರ್ಹರಾದ ಶೂಟರ್‌ಗಳಿಗೆ. ಹಾಗಾಗಿ ಸದ್ಯಕ್ಕೆ ಕ್ಲಬ್ಬಿನ ಬಂದೂಕಿನಲ್ಲೇ ಕಲಿ ಎನ್ನುವುದು ಸುಲಭದ ಉತ್ತರ.

ಆದರೆ ಓದುತ್ತ ಹೋದಂತೆ ಈ ಆಟದ ಹುಟ್ಟೇ ಬೇರೆ ಎಂದು ತಿಳಿಯಿತು. ಟ್ರ್ಯಾಪ್ ಎಂದರೆ ಮೂಲದಲ್ಲಿ ಜೀವಂತ ಪಾರಿವಾಳವನ್ನು ಇಡುತ್ತಿದ್ದ ಪೆಟ್ಟಿಗೆ. ಹೊಡೆಯುವವನು "ಪುಲ್" ಎಂದು ಕೂಗಿದರೆ ಇನ್ನೊಬ್ಬ ಹಗ್ಗ ಎಳೆದು ಮುಚ್ಚಳ ತೆರೆಯುತ್ತಿದ್ದ, ಹಕ್ಕಿ ಹಾರುತ್ತಿತ್ತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಕೂಡ ನಿಜವಾದ ಪಾರಿವಾಳಗಳನ್ನೇ ಹೊಡೆದರು. ಅದಕ್ಕೂ ಮುಂಚೆಯೇ ಅಮೆರಿಕದಲ್ಲಿ ಹಕ್ಕಿಗೆ ಬದಲಾಗಿ ಗಾಜಿನ ಉಂಡೆ ಎಸೆಯುವ ರೂಢಿ ಬಂದಿತ್ತು. ಕೆಲವು ಉಂಡೆಗಳೊಳಗೆ ಪುಕ್ಕ ತುಂಬುತ್ತಿದ್ದರಂತೆ. ಒಡೆದಾಗ ಗಾಳಿಯಲ್ಲಿ ಪುಕ್ಕ ಹಾರಬೇಕು, ನೋಡುವವರಿಗೆ ಹಕ್ಕಿ ಸತ್ತಂತೆ ಕಾಣಬೇಕು. ಆಮೇಲೆ 1880ರ ಸುಮಾರಿಗೆ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಎಂಬಾತ ಮಣ್ಣಿನ ತಟ್ಟೆ ಮಾಡಿದ. ಹೆಸರು ಮಾತ್ರ ಮಣ್ಣಿನ ಪಾರಿವಾಳ ಎಂದೇ ಉಳಿಯಿತು. ಈಗಿನದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನದು, ಅಗಲ 11 ಸೆಂಟಿಮೀಟರ್. ಮಣ್ಣೂ ಅಲ್ಲ, ಪಾರಿವಾಳವೂ ಅಲ್ಲ.

ಪುಕ್ಕದ ವಿಷಯ ಓದಿದಾಗ ನನಗೆ ಜನ್ನ ನೆನಪಾದ. ಬಂಗೂರನಗರದ ಕಾಲೇಜಿನಲ್ಲಿ ನಮಗೆ 'ಯಶೋಧರ ಚರಿತೆ' ಪಾಠವಿತ್ತು. ಕೆಟ್ಟ ಕನಸಿನ ನೆಪ, ದೇವಿಗೆ ಬಲಿ ಕೊಡು ಎಂದು ತಾಯಿಯ ಒತ್ತಾಯ. ಜೀವ ತೆಗೆಯಲಾರೆ ಎನ್ನುತ್ತಾನೆ ಯಶೋಧರ. ಹಾಗಾದರೆ ಹಿಟ್ಟಿನ ಹುಂಜವನ್ನಾದರೂ ಕೊಡು ಎನ್ನುತ್ತಾಳೆ. ತಾಯಿಯ ಮಾತು ಮೀರಲಾರದೆ ಕತ್ತಿ ಬೀಸುತ್ತಾನೆ, ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ತಿರುಗುತ್ತಾರೆ. ಸಂಕಲ್ಪಹಿಂಸೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು. ಹಿಟ್ಟಿಗೆ ಇಷ್ಟು ಶಿಕ್ಷೆಯೇ, ಇದು ಅನ್ಯಾಯ ಎಂದು ನಾನು ಎದ್ದು ನಿಂತು ವಾದಿಸಿದ್ದೆ. ಇಡೀ ಕ್ಲಾಸು ನನ್ನ ಕಡೆಗಿತ್ತು.

ಅಷ್ಟು ಜೋರಾಗಿ ವಾದಿಸಲು ಕಾರಣ ಬೇರೆಯೇ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅದಕ್ಕೂ ಎರಡು ವರ್ಷ ಹಿಂದೆ, ಹದಿನಾರರ ವಯಸ್ಸು. ಅಪ್ಪ ಸಂತೆಗೆ ಹೋಗಿದ್ದರು. ಹೊಲದ ಅಂಚಿನ ಬಸರಿ ಮರದಲ್ಲಿ ಹಣ್ಣು ತುಂಬಿ ಹಸಿರು ಪಾರಿವಾಳಗಳು ಬಂದಿದ್ದವು. ಬೇಟೆ ನಿಷೇಧದ ಕಾಯ್ದೆ 1972ರಲ್ಲೇ ಬಂದಿತ್ತು, ಅದು ನನಗೆ ಗೊತ್ತೂ ಇತ್ತು. ಬಂದೂಕು ತಂದೆ. ಹಿಂಡು ಎದ್ದಿತು. ಬಲ ನಳಿಗೆಯ ಈಡು ಖಾಲಿ ಹೋಯಿತು. ಎಡ ನಳಿಗೆಯದು ತಗುಲಿತು. ಒಂದು ಹಕ್ಕಿ ರೆಕ್ಕೆ ಮಡಚಿಕೊಂಡು ಓರೆಯಾಗಿ ಮುಳ್ಳಕಂಟಿಯ ಆಚೆ ಬಿತ್ತು. ಸಂಜೆಯವರೆಗೆ ಹುಡುಕಿದೆ. ಸಿಗಲಿಲ್ಲ. ಸತ್ತಿತೋ, ರಾತ್ರಿಯೆಲ್ಲ ಅಲ್ಲೇ ಬಿದ್ದಿತ್ತೋ.

ಆ ಹಕ್ಕಿಗಾಗಿ ಬೇಸರಪಟ್ಟಿದ್ದು ನಿಜ. ಆದರೆ ಇಷ್ಟು ವರ್ಷವಾದರೂ ಮೈಗೆ ನೆನಪಿರುವುದು ಬೇರೆ: ಎರಡನೇ ಟ್ರಿಗರ್ ಎಳೆಯುವ ಮುಂಚಿನ ಅರೆಕ್ಷಣ. ಕೈ, ಕಣ್ಣು, ನಳಿಗೆ, ಹಾರುವ ಹಕ್ಕಿ ಎಲ್ಲ ಒಂದೇ ಗತಿಯಲ್ಲಿ ಚಲಿಸಿದ ಅರೆಕ್ಷಣ. ಅಂಥ ಸುಖ ಆಮೇಲೆ ಎಂದೂ ಸಿಕ್ಕಿಲ್ಲ. ಅದು ಹಕ್ಕಿ ಬೀಳುವುದಕ್ಕಿಂತ ಮುಂಚಿನದು, ಆದ್ದರಿಂದ ಕೊಲ್ಲುವ ಸುಖವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಅಳಿಯ ಭಾನುವಾರ ಅನುಭವಿಸುತ್ತಿರುವುದೂ ಇದನ್ನೇ. ಹಾಗಾದರೆ ಅವನಿಗೆ ಹಕ್ಕಿಯಿಲ್ಲದೆ ಸಿಗುತ್ತಿರುವುದು ನನಗೆ ಹಕ್ಕಿಯ ಜೀವ ತೆತ್ತು ಸಿಕ್ಕಿತು. ಅಥವಾ, ಜನ್ನನ ಲೆಕ್ಕದಲ್ಲಿ, ಇಬ್ಬರೂ ಒಂದೇ.

ಒಂದೇ ಎಂದು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಯಶೋಧರ ಹಿಟ್ಟನ್ನು ಹಿಟ್ಟು ಎಂದು ಕಡಿಯಲಿಲ್ಲ. ದೇವಿಯ ಮುಂದೆ ಅದು ಹುಂಜ ಎಂದು ಲೆಕ್ಕಕ್ಕೆ ಬಂದರೆ ಮಾತ್ರ ಬಲಿ ಬಲಿಯಾಗುವುದು. ಗಾಜಿನ ಉಂಡೆಗೆ ಪುಕ್ಕ ತುಂಬಿದವನೂ ಅದೇ ಸಾಲಿನವನು. ಅವನಿಗೆ ಸಾವು ಬೇಕಿತ್ತು, ಸಾವಿನ ಗಲೀಜು ಬೇಡವಾಗಿತ್ತು. ಆದರೆ ಒಂದು ದಿನ ಯಾರೋ ಪುಕ್ಕ ತುಂಬುವುದನ್ನು ಬಿಟ್ಟರು, ಆಟ ನಿಲ್ಲಲಿಲ್ಲ. ಇಂದಿನ ಹುಡುಗರ ಕಣ್ಣಿಗೆ ಅದು ಗಂಟೆಗೆ ನೂರು ಕಿಲೋಮೀಟರಿನಾಚೆಯ ವೇಗದಲ್ಲಿ ಹೋಗುವ ಕಿತ್ತಳೆ ಬಣ್ಣದ ತಟ್ಟೆ, ಅಷ್ಟೆ. ಬಿಕಾನೇರದ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್ಪಿನ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು, ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. ಅವರ ತಾತನ ಕಾಲದಲ್ಲಿ ಗಜನೇರದ ಕೆರೆಯ ಹಕ್ಕಿಬೇಟೆ ದೊಡ್ಡ ಹೆಸರು. (ನಮ್ಮ ಬಂಗೂರನಗರದ ಹೆಸರಿನ ಮನೆತನವೂ ರಾಜಸ್ಥಾನದ ಡೀಡವಾಣದ್ದೇ.) ಒಂದೇ ಮನೆಯಲ್ಲಿ ಎರಡು ತಲೆಮಾರಿನೊಳಗೆ ಹಕ್ಕಿಯ ಜಾಗಕ್ಕೆ ತಟ್ಟೆ ಬರುವುದನ್ನು ಬರೀ ವೇಷ ಎನ್ನಲಾಗದು.

ಇಲ್ಲಿಗೆ ಹುಡುಗನನ್ನು ಖುಲಾಸೆ ಮಾಡಿ ಕೂತಿದ್ದೆ. ಆದರೆ ಲೆಕ್ಕ ಬರೆದೇ ಬದುಕಿದವನಿಗೆ ಲೆಕ್ಕ ಬಿಡುವುದಿಲ್ಲ. ಒಂದು ತೋಟಾದಲ್ಲಿ 24 ಗ್ರಾಂ ಸೀಸದ ಚರೆ. ಸ್ಪರ್ಧೆಯ ಅರ್ಹತಾ ಸುತ್ತಿಗೆ 125 ತಟ್ಟೆ. ಒಂದೊಂದಕ್ಕೆ ಒಂದೇ ಈಡು ಎಂದರೂ ಒಬ್ಬನಿಂದ ಮೂರು ಕಿಲೋ ಸೀಸ ಮಣ್ಣಿಗೆ. ಎರಡನೇ ಈಡಿಗೂ ಅವಕಾಶವಿದೆ. ಅಭ್ಯಾಸದ್ದು ಬೇರೆ. ಅರೆಯಲು ಕಲ್ಲುಹರಳು ನುಂಗುವ ಹಕ್ಕಿಗಳು ಚರೆಯನ್ನೂ ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕೇ ಯುರೋಪಿನ ಒಕ್ಕೂಟ 2023ರಿಂದ ಜೌಗುಪ್ರದೇಶಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿತು.

ಜನ್ನನ ಕಥೆ ತಲೆಕೆಳಗಾಯಿತು. ಯಶೋಧರನ ಕತ್ತಿಯಿಂದ ಯಾವ ಜೀವಕ್ಕೂ ನೋವಾಗಲಿಲ್ಲ, ತಪ್ಪಿದ್ದದ್ದು ಸಂಕಲ್ಪದಲ್ಲಿ. ನಮ್ಮ ಹುಡುಗನ ಸಂಕಲ್ಪ ಶುದ್ಧವಾಗಿದೆ, ಹಕ್ಕಿ ಸಾಯುವುದು ಅವನು ಮನೆಗೆ ಹೋದ ಮೇಲೆ. ಮನಸ್ಸು ಸ್ವಚ್ಛವಿದ್ದವನಿಗೆ ಹಿಂದಿರುಗಿ ನೋಡುವ ಅಭ್ಯಾಸವೇ ಇರುವುದಿಲ್ಲ. ಆ ಸಂಜೆ ನಾನು ಕಂಟಿಯಲ್ಲಿ ಹುಡುಕಿದ್ದಾದರೂ ತಪ್ಪು ಮಾಡಿದ್ದೇನೆಂದು ಗೊತ್ತಿದ್ದ ಕಾರಣಕ್ಕೆ. ಟ್ರ್ಯಾಪ್‌ನಲ್ಲಿ ತಪ್ಪಿಹೋದ ತಟ್ಟೆಗೆ ರೆಫರಿ ಹೇಳುವ ಮಾತು "ಲಾಸ್ಟ್". ಕಳೆದುಹೋಯಿತು ಎಂದು.

ರಾತ್ರಿ ಅವನಿಗೆ ಫೋನ್ ಮಾಡಿದೆ. ಬಂದೂಕು ಆರಿಸುವಾಗ ಅಳತೆ ನೋಡು, ಆಮೇಲೆ ನಳಿಗೆ ಉಕ್ಕಿನ ಚರೆಗೆ ಪರೀಕ್ಷೆಯಾದದ್ದೇ ಕೇಳು ಎಂದೆ. ಉಕ್ಕು ಸೀಸದಂತೆ ಮೆತ್ತಗಲ್ಲ. ಬಿಗಿಯಾದ ಚೋಕ್ ಇರುವ ನಳಿಗೆಗೆ ಅದು ಒಗ್ಗುವುದಿಲ್ಲ. ಆದ್ದರಿಂದ ಚೋಕ್ ಬಿಚ್ಚಿ ಬದಲಾಯಿಸುವಂತಿರಲಿ. ನಾಳೆ ಸೀಸ ಬೇಡವೆಂದರೆ ಬಂದೂಕು ನೆಪವಾಗಬಾರದು. ಅಪ್ಪನ ಬಂದೂಕಿಗೆ ಉಕ್ಕಿನ ಚರೆ ಹಾಕಿದರೆ ನಳಿಗೆ ಕೆಟ್ಟೇ ಹೋದೀತು.

"ಅದಕ್ಕಿಂತ ಮೊದಲ ಒಂದು ಕೇಳಿಕೊಂಡು ಬಾ," ಎಂದೆ. "ನೀ ಹೊಡಿಯೋ ಜಾಗದಾಗ ಚರೆ ಎಲ್ಲಿ ಬೀಳತೈತಿ, ಅದನ್ನ ಯಾರು ಆರಸ್ತಾರ?"

"ಯಾರೂ ಕೇಳಿದ್ದಿಲ್ಲ ಬಿಡ್ರಿ ಮಾಮಾ," ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನ ಬಂದೂಕಿಲೆ ನೀವು ಎಂದರೆ ಹೊಡದೀರೇನು?" ಎಂದು ಕೇಳಿದ.

ಹೇಳಿದೆ. ಬಸರಿ ಮರ, ಖಾಲಿ ಹೋದ ಮೊದಲ ಈಡು, ಮುಳ್ಳಕಂಟಿ, ಎಲ್ಲ. ಅಕ್ಕನಿಗೂ ಗೊತ್ತಿಲ್ಲದ್ದು. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, ಎರಡನೇ ಈಡಿಗೆ ಹಕ್ಕಿ ಎಷ್ಟು ದೂರ ಇತ್ತು ಎಂದು ಕೇಳಿದ. ಮೂವತ್ತೈದು ಗಜ ಇದ್ದೀತು ಎಂದೆ.

"ಛಲೋ ಹೊಡತ ಅದು," ಎಂದ. ಆಮೇಲೆ ತಾನೇ ನಾಚಿದವನಂತೆ, ಮುಂದಿನ ಭಾನುವಾರ ಚರೆಯ ವಿಷಯ ಕೇಳುತ್ತೇನೆಂದು ಫೋನ್ ಇಟ್ಟ.